ಸ್ಟಾರ್ಟ್ ಆಗಿ ನಿಂತುಬಿಡುವ ಹಳೆ ಗಾಡಿ: ದೋಷ ಹುಡುಕುವ ಪೂರ್ತಿ ಕ್ರಮ

ಗಾಡಿ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಮತ್ತೆ ಅದೇ ಕಥೆ. ಕಿರಿಕಿರಿ ನಿಜ, ಆದರೆ ಸ್ಟಾರ್ಟೇ ಆಗದ ಗಾಡಿಗಿಂತ ಇದು ವಾಸಿ. ಬ್ಯಾಟರಿ, ಸೆಲ್ಫ್ ಮೋಟರ್, ಕಂಪ್ರೆಷನ್ ಇವೆಲ್ಲ ತಕ್ಕಮಟ್ಟಿಗೆ ಸರಿಯಾಗಿವೆ ಎಂದು ಗಾಡಿಯೇ ಹೇಳಿಬಿಟ್ಟಿದೆ. ಹುಡುಕುವ ಜಾಗ ಅಷ್ಟರ ಮಟ್ಟಿಗೆ ಚಿಕ್ಕದಾಯಿತು.

ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಸ್ಟಾರ್ಟ್ ಮಾಡುವಾಗ ಇಂಜಿನ್‌ಗೆ ಒಂದಿಷ್ಟು ಹೆಚ್ಚಿನ ಆಸರೆ ಸಿಗುತ್ತದೆ. ಗಾಳಿ ಕಡಿಮೆ ಮಾಡುವ ಚೋಕ್ ಮುಚ್ಚಿರುತ್ತದೆ. ಇಂಜೆಕ್ಷನ್ ಗಾಡಿಯಾದರೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಹಳೆ ಪಾಯಿಂಟ್ ಗಾಡಿಗಳಲ್ಲಿ (ಕರೆಂಟ್ ಕೊಟ್ಟು ಕಡಿಯುವ ಸಣ್ಣ ಸ್ವಿಚ್‌ನಿಂದ ಕಿಡಿ ಹುಟ್ಟಿಸುವವು) ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡಿಕೊಡುವ ಕಾಯಿಲ್‌ಗೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹೋಗುತ್ತದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರಿನ ಬೌಲ್‌ನಲ್ಲಿ ಹಿಂದಿನ ಸಲದ ಪೆಟ್ರೋಲ್ ಉಳಿದಿರುತ್ತದೆ. ಕೀ ಬಿಟ್ಟ ಮೇಲೆ ಈ ಆಸರೆಗಳು ಒಂದೊಂದಾಗಿ ತಪ್ಪಿಹೋಗುತ್ತವೆ. ಯಾವುದು ತಪ್ಪಿದಾಗ ಇಂಜಿನ್ ನಿಂತಿತು ಎಂದು ಗೊತ್ತಾದರೆ, ಅದರ ನಂತರ ಭಾರ ಹೊರಬೇಕಾಗಿದ್ದ ಭಾಗವನ್ನೇ ಮೊದಲು ಅನುಮಾನಿಸಬೇಕು. ಪ್ಲಗ್, ಕಾಯಿಲ್, ಪಂಪ್ ಅಂತ ಸಿಕ್ಕಿದ್ದನ್ನೆಲ್ಲ ತಂದು ಬದಲಿಸುವ ಮುಂಚೆ ಗಡಿಯಾರ ನೋಡಿ.

## ಶುರು ಮಾಡುವ ಮುಂಚೆ

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಬಾರದೆ ಜೀವ ತೆಗೆಯಬಹುದು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಮೇಲಕ್ಕೆ, ಚಕ್ರಕ್ಕೆ ಅಡ್ಡಗಲ್ಲು. ಸಡಿಲ ತೋಳು, ದುಪ್ಪಟ್ಟಾ, ಸರ ಇವನ್ನು ಫ್ಯಾನ್ ಬೆಲ್ಟ್‌ನಿಂದ ದೂರ ಇಡಿ. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸ ಇರುವುದರಿಂದ ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆಟುಕುವಂತಿರಲಿ.

ದೋಷ ಸಿಗುವ ತನಕ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಓಡುವಾಗ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.

ಸಾಮಾನು ಜಾಸ್ತಿ ಬೇಡ. ಒಂದು ಮಲ್ಟಿಮೀಟರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್, ಸ್ಪಾರ್ಕ್ ಟೆಸ್ಟರ್ ಅಥವಾ ಒಂದು ಒಳ್ಳೆ ಹಳೆ ಪ್ಲಗ್, ಪ್ಲಗ್ ಸ್ಪ್ಯಾನರ್, ಇಕ್ಕಳ, ಟಾರ್ಚ್. ವ್ಯಾಕ್ಯೂಮ್ ಗೇಜ್ ಮತ್ತು ಫ್ಯೂಯಲ್ ಪ್ರೆಷರ್ ಗೇಜ್ ಯಾರ ಹತ್ತಿರವಾದರೂ ಸಿಕ್ಕರೆ ಕೆಲಸ ಅರ್ಧ ಆದ ಹಾಗೆ.

## ಮೊದಲು ಸುಮ್ನೆ ನೋಡಿ

ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿ, ಏನನ್ನೂ ಮುಟ್ಟದೆ ನೋಡಿ. ಎರಡು ಸಂಗತಿ ಬರೆದಿಟ್ಟುಕೊಳ್ಳಿ: ಯಾವಾಗ ನಿಂತಿತು, ಹೇಗೆ ನಿಂತಿತು.

ಕೀ ಬಿಟ್ಟ ಕ್ಷಣವೇ ನಿಂತರೆ ಇಗ್ನಿಷನ್‌ನ ಕರೆಂಟ್ ದಾರಿ ನೋಡಬೇಕು. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದೊಳಗೆ ನಿಂತರೆ ಪೆಟ್ರೋಲ್ ಬರುತ್ತಿಲ್ಲ. ಆಕ್ಸಿಲರೇಟರ್ ಒತ್ತಿಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವುದು) ಅಥವಾ ಗಾಳಿ ಲೀಕ್. ಬಿಸಿಯಾದ ಮೇಲಷ್ಟೇ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಕಾಯಿಲ್, ಇಗ್ನಿಷನ್ ಮಾಡ್ಯೂಲ್ (ಪಾಯಿಂಟ್ ಬದಲು ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ), ಸೆನ್ಸರ್ ಅಥವಾ ಪೈಪಿನಲ್ಲಿ ಕುದಿಯುವ ಪೆಟ್ರೋಲ್.

ಹೇಗೆ ನಿಂತಿತು ಎಂಬುದೂ ಅಷ್ಟೇ ಮುಖ್ಯ. ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ನಿಂತರೆ ಸಾಮಾನ್ಯವಾಗಿ ಕರೆಂಟಿನ ತೊಂದರೆ. ಮಿಸ್ಸಿಂಗ್ ಹೊಡೆದು, ಎಳೆದಾಡಿ, ಏದುಸಿರು ಬಿಟ್ಟು ನಿಂತರೆ ಪೆಟ್ರೋಲ್ ಅಥವಾ ಗಾಳಿಯ ತೊಂದರೆ. ಆರ್‌ಪಿಎಂ ಮೀಟರ್ ಇದ್ದರೆ ಅದರ ಮುಳ್ಳಿನ ಮೇಲೆ ಕಣ್ಣಿಡಿ. ಇಂಜಿನ್ ಇನ್ನೂ ಸುತ್ತುತ್ತಿರುವಾಗಲೇ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ ಕಾಯಿಲ್‌ಗೆ ಬರುವ ಸಿಗ್ನಲ್ ತಪ್ಪಿದೆ ಎಂದರ್ಥ.

ಈ ಹಂತವನ್ನು ಹಾರಿಸುವವರೇ ಜಾಸ್ತಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಹತ್ತು ನಿಮಿಷ ಬೇರೆ ಇಲ್ಲ.

## ಕೈಗೆ ಸಿಗುವ ಸಣ್ಣಪುಟ್ಟವು

ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆಯಾ? ನಗಬೇಡಿ, ಹಳೆ ಗಾಡಿಯ ಗೇಜನ್ನು ನಂಬುವಂತಿಲ್ಲ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಪೆಟ್ರೋಲ್ ಹಳಸಿರುತ್ತದೆ. ಬಣ್ಣ ಕಂದಾಗಿ ವಾರ್ನಿಶ್ ವಾಸನೆ ಬಂದರೆ ಖಾಲಿ ಮಾಡಿ ಹೊಸದು ಹಾಕಿ.

ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಗಿಸಿ ನೋಡಿ, ಅಲುಗಬಾರದು. ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಇಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಸೈಲೆನ್ಸರ್ ಪೈಪಿನ ಬಾಯಿಯನ್ನೂ ನೋಡಿ. ತುಂಬ ದಿನ ನಿಂತ ಗಾಡಿಯಲ್ಲಿ ಇಲಿ, ಕಣಜ ಮನೆ ಮಾಡಿಕೊಂಡಿರುವುದುಂಟು.

ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಯಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಬೀಗದ ದೀಪ ಮಿನುಗುತ್ತಿದೆಯಾ ನೋಡಿ. ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಕೆಲವು ಗಾಡಿಗಳು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ತಾವೇ ನಿಲ್ಲುತ್ತವೆ. ಇನ್ನೊಂದು ಕೀ ಹಾಕಿ ನೋಡಿ.

ಚೆಕ್ ಇಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿ ಕೋಡ್ ಓದಿ. ಪಿ0335 ಇಂಜಿನ್ ಸುತ್ತುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆಗೆ, ಪಿ0171 ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಎಂಬ ಕಡೆಗೆ, ಪಿ0505 ಐಡಲ್ ಕಂಟ್ರೋಲ್ ಕಡೆಗೆ ಬೆರಳು ತೋರಿಸುತ್ತವೆ. ಕೋಡ್ ಬಂತು ಅಂತ ಆ ಭಾಗವನ್ನೇ ಬದಲಿಸಬೇಡಿ. ಬೆರಳು ತೋರಿಸುವುದಷ್ಟೇ ಅದರ ಕೆಲಸ.

## ಕೀ ಬಿಟ್ಟ ಕೂಡಲೇ ನಿಂತರೆ

ಪಾಯಿಂಟ್ ಇರುವ ಅನೇಕ ಗಾಡಿಗಳಲ್ಲಿ ಕಾಯಿಲ್‌ಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ. ಸೆಲ್ಫ್ ಹೊಡೆಯುವಾಗ ನೇರ ದಾರಿ. ಕೀ ಬಿಟ್ಟ ಮೇಲೆ ಬ್ಯಾಲಸ್ಟ್ ರೆಸಿಸ್ಟರ್ ಎಂಬ ಬಿಳಿ ಪಿಂಗಾಣಿ ತುಂಡಿನ ಮೂಲಕ, ಅಥವಾ ಅದೇ ಕೆಲಸ ಮಾಡುವ ವಿಶೇಷ ವೈರ್ ಮೂಲಕ. ಆ ರೆಸಿಸ್ಟರ್ ಒಡೆದಿದ್ದರೆ ಗಾಡಿ ಸೆಲ್ಫ್ ಇರುವ ತನಕ ಓಡುತ್ತದೆ, ಕೀ ಬಿಟ್ಟರೆ ನಿಲ್ಲುತ್ತದೆ. ಲಕ್ಷಣ ಇಷ್ಟು ಸ್ಪಷ್ಟವಾಗಿರುವ ದೋಷ ಬೇರೆ ಸಿಗುವುದು ಕಷ್ಟ.

ಟೆಸ್ಟ್ ಲ್ಯಾಂಪಿನ ಕ್ಲಿಪ್ ಬಾಡಿಗೆ ಹಾಕಿ, ಮೊನೆಯನ್ನು ಕಾಯಿಲ್‌ನ ಪ್ಲಸ್ ಟರ್ಮಿನಲ್‌ಗೆ ತಾಗಿಸಿ. ಇನ್ನೊಬ್ಬರು ಸೆಲ್ಫ್ ಹೊಡೆದು ಕೀ ಬಿಡಲಿ. ಸೆಲ್ಫ್ ಹೊಡೆಯುವಾಗ ಉರಿದ ದೀಪ ಕೀ ಬಿಟ್ಟಾಗ ಪೂರ್ತಿ ಆರಿದರೆ ರೆಸಿಸ್ಟರ್ ಅಥವಾ ಇಗ್ನಿಷನ್ ಸ್ವಿಚ್ ಹೋಗಿದೆ. ಸ್ವಲ್ಪ ಮಂಕಾಗುವುದು ತಪ್ಪಲ್ಲ, ಅದು ಹಾಗೇ ಇರಬೇಕು. ಈಗ ಕೀ ಆನ್‌ನಲ್ಲೇ ಇಟ್ಟು ರೆಸಿಸ್ಟರಿಗೆ ಕರೆಂಟ್ ಬರುವ ಕಡೆ ದೀಪ ಹಿಡಿಯಿರಿ. ಬರುವ ಕಡೆ ಉರಿದು ಹೋಗುವ ಕಡೆ ಉರಿಯದಿದ್ದರೆ ರೆಸಿಸ್ಟರ್. ಎರಡೂ ಕಡೆ ಉರಿಯದಿದ್ದರೆ ಸ್ವಿಚ್ ಅಥವಾ ಅದರ ವೈರ್. ವೈರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ ಒಳ್ಳೆ ರೆಸಿಸ್ಟರ್ ಸಾಮಾನ್ಯವಾಗಿ 1ರಿಂದ 2 ಓಮ್ ತೋರಿಸುತ್ತದೆ.

ಇನ್ನೂ ಖಚಿತ ಬೇಕಿದ್ದರೆ ಬ್ಯಾಟರಿ ಪ್ಲಸ್‌ನಿಂದ ಕಾಯಿಲ್ ಪ್ಲಸ್‌ಗೆ ಒಂದು ತುಂಡು ವೈರ್ ಕೊಟ್ಟು ಸ್ಟಾರ್ಟ್ ಮಾಡಿ. ಓಡುತ್ತಲೇ ಇದ್ದರೆ ಕರೆಂಟ್ ದಾರಿಯದೇ ದೋಷ. ಆಗ ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲುವುದಿಲ್ಲ, ವೈರ್ ಕಿತ್ತರೆ ಮಾತ್ರ ನಿಲ್ಲುತ್ತದೆ. ಅರ್ಧ ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಆ ವೈರನ್ನೇ ಖಾಯಂ ಮಾಡಿದರೆ ಕಾಯಿಲ್ ಮತ್ತು ಪಾಯಿಂಟ್ ಸುಡುತ್ತವೆ. ಈ ಪರೀಕ್ಷೆ ಪಾಯಿಂಟ್ ಗಾಡಿಗೆ ಮಾತ್ರ. ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಇಂಜೆಕ್ಷನ್ ಗಾಡಿಗೆ ಬೇಡ.

ಇಂಜೆಕ್ಷನ್ ಗಾಡಿಯಲ್ಲೂ ಇಂಥದ್ದೊಂದಿದೆ. 1970, 80ರ ದಶಕದ ಬಾಷ್ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಒಳಬರುವ ಗಾಳಿ ಒಂದು ತಗಡಿನ ಬಾಗಿಲನ್ನು ತಳ್ಳುತ್ತದೆ. ಅನೇಕ ಗಾಡಿಗಳಲ್ಲಿ ಆ ಬಾಗಿಲು ತೆರೆದಿದ್ದರೆ ಮಾತ್ರ ಪೆಟ್ರೋಲ್ ಪಂಪ್ ಓಡುತ್ತದೆ. ಸೆಲ್ಫ್ ಹೊಡೆಯುವಾಗ ಪಂಪಿಗೆ ಬೇರೆ ಕಡೆಯಿಂದ ಕರೆಂಟ್ ಸಿಗುತ್ತದೆ, ಹಾಗಾಗಿ ಸ್ಟಾರ್ಟ್ ಆಗುತ್ತದೆ. ಬಾಗಿಲಿಗೂ, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್‌ಗೂ ನಡುವಿನ ರಬ್ಬರ್ ಬೂಟ್ ಸೀಳಿದ್ದರೆ ಗಾಳಿ ಅಡ್ಡದಾರಿಯಲ್ಲಿ ನುಗ್ಗುತ್ತದೆ. ಬಾಗಿಲು ತೆರೆಯುವುದಿಲ್ಲ, ಪಂಪ್ ನಿಲ್ಲುತ್ತದೆ. ಬೂಟನ್ನು ಬಗ್ಗಿಸಿ ಮಡಿಕೆಗಳ ಒಳಗೆ ಟಾರ್ಚ್ ಹಾಕಿ ನೋಡಿ, ಸೀಳು ಅಲ್ಲೇ ಅಡಗಿರುತ್ತದೆ. ಕೀ ಆನ್ ಮಾಡಿ ಬಾಗಿಲನ್ನು ಬೆರಳಿಂದ ತಳ್ಳಿದರೆ ಪಂಪ್ ಸದ್ದು ಕೇಳಬೇಕು.

ಕೆಲವು ಹಳೆ ಗಾಡಿಗಳಲ್ಲಿ ಎಲೆಕ್ಟ್ರಿಕ್ ಪಂಪಿಗೆ ಕರೆಂಟ್ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಬರುತ್ತದೆ. ಅಲ್ಲೂ ಲಕ್ಷಣ ಇದೇ. ಸ್ವಿಚ್ ಬದಲಿಸುವ ಮುಂಚೆ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಸ್ವಿಚ್ ಹೇಳುತ್ತಿರುವುದು ನಿಜವೇ ಆಗಿರಬಹುದು.

## ಸ್ವಲ್ಪ ಹೊತ್ತು ಓಡಿ ನಿಂತರೆ

ಕಾರ್ಬೊರೇಟರ್ ಗಾಡಿಯ ಫ್ಲೋಟ್ ಬೌಲ್‌ನಲ್ಲಿ ಒಂದಷ್ಟು ಪೆಟ್ರೋಲ್ ಸಂಗ್ರಹ ಇರುತ್ತದೆ. ಪಂಪ್ ಸತ್ತಿದ್ದರೂ ಅಷ್ಟು ಮುಗಿಯುವ ತನಕ ಇಂಜಿನ್ ಓಡುತ್ತದೆ. ಬೌಲ್ ಖಾಲಿಯೋ ತುಂಬಿದೆಯೋ ತಿಳಿಯಲು ಕಾರ್ಬೊರೇಟರ್ ಬಿಚ್ಚಬೇಕಾಗಿಲ್ಲ. ಇಂಜಿನ್ ನಿಂತ ಕೂಡಲೇ ಏರ್ ಫಿಲ್ಟರ್ ತೆಗೆದು, ಬಾಯಿಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರ್ ಎಳೆಯಿರಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬೊರೇಟರ್ ಆದರೆ ಒಳಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಬೌಲ್ ಒಣಗಿರುವ ಸಾಧ್ಯತೆ ಜಾಸ್ತಿ.

ಇನ್ನು ಹಿಂದಕ್ಕೆ ಹೋಗಬೇಕು. ಕಾಯಿಲ್‌ನ ಪ್ಲಸ್ ವೈರ್ ಬಿಚ್ಚಿಡಿ, ಕಿಡಿ ಹಾರಬಾರದು. ಕಾರ್ಬೊರೇಟರಿಗೆ ಬರುವ ಪೈಪ್ ತೆಗೆದು ಒಂದು ಪಾತ್ರೆಯೊಳಗೆ ಬಿಟ್ಟು ಸೆಲ್ಫ್ ಹೊಡೆಸಿ. ಇಂಜಿನ್ನೇ ಓಡಿಸುವ ಮೆಕ್ಯಾನಿಕಲ್ ಪಂಪ್ ಬಿಟ್ಟುಬಿಟ್ಟು ಗಟ್ಟಿಯಾಗಿ ಉಗುಳಬೇಕು. ಚೆನ್ನಾಗಿ ಬಂದರೆ ಪಂಪ್ ಸರಿ, ತೊಂದರೆ ಕಾರ್ಬೊರೇಟರ್ ಒಳಗಿನ ಜಾಲರಿ ಅಥವಾ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್‌ನಲ್ಲಿ. ಸೋರಿದ ಹಾಗೆ ಬಂದರೆ, ಅಥವಾ ಗುಳ್ಳೆ ಬಂದರೆ, ಟ್ಯಾಂಕ್‌ನಿಂದ ಪಂಪಿನ ತನಕ ಹುಡುಕಿ. ಫಿಲ್ಟರ್ ಕಟ್ಟಿರಬಹುದು. ಟ್ಯಾಂಕಿನೊಳಗಿನ ಜಾಲರಿಗೆ ತುಕ್ಕು ಮೆತ್ತಿರಬಹುದು. ಹಳೆ ರಬ್ಬರ್ ಪೈಪ್ ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡು ದಾರಿ ಮುಚ್ಚಿರಬಹುದು. ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆ ರಬ್ಬರಿನ ಈ ಕಾಯಿಲೆ ಇನ್ನೂ ಜಾಸ್ತಿ. ಪಂಪಿಗೆ ಬರುವ ಕಡೆಯ ಪೈಪಿನಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೆ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ.

ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಚಾಳಿ ಬಿಡಿ. ಒಂದು ಬ್ಯಾಕ್‌ಫೈರ್ ಆದರೆ ಮುಖ ಸುಡುತ್ತದೆ.

ಇದರ ತಿರುವುಮುರುವೂ ಇದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಒದ್ದೆಯಾದ ಕರಿ ಪ್ಲಗ್ ಕಂಡರೆ ಪೆಟ್ರೋಲ್ ಜಾಸ್ತಿಯಾಗಿ ಮುಳುಗುತ್ತಿದೆ. ನೀಡಲ್ ವಾಲ್ವ್ ಮುಚ್ಚುತ್ತಿಲ್ಲ, ಆ ವಾಲ್ವ್ ಮುಚ್ಚಿಸುವ ತೇಲುವ ಫ್ಲೋಟ್ ತೂತಾಗಿದೆ, ಅಥವಾ ಚೋಕ್ ತೆರೆಯುತ್ತಿಲ್ಲ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದಕ್ಕೆ ತೇಲುವ ಶಕ್ತಿ ಇಲ್ಲ.

ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಎಳೆದಾಡಿ ನಿಂತರೆ ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಂಯ್ ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಉಸಿರುದಾರಿ ಕಟ್ಟಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಬರದೆ ಟ್ಯಾಂಕಿನೊಳಗೆ ವ್ಯಾಕ್ಯೂಮ್ ಆಗುತ್ತದೆ, ಪಂಪ್ ಎಷ್ಟು ಎಳೆದರೂ ಬರುವುದಿಲ್ಲ. ಇಷ್ಟು ಅಗ್ಗದ ದೋಷಕ್ಕೆ ಪಂಪನ್ನೇ ಬದಲಿಸಿದವರಿದ್ದಾರೆ.

ಮೇಲೆ ಹೇಳಿದ ತಗಡಿನ ಬಾಗಿಲಿನ ವ್ಯವಸ್ಥೆ ಬಿಟ್ಟರೆ, ಬಹುತೇಕ ಇಂಜೆಕ್ಷನ್ ಗಾಡಿಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನಿಂದ ಸುಮಾರು ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರಬೇಕು. ಆ ಎರಡು ಸೆಕೆಂಡಿನ ಒತ್ತಡದಲ್ಲೇ ಇಂಜಿನ್ ಸ್ಟಾರ್ಟ್ ಆಗಿ, ಪಂಪ್ ಮುಂದುವರಿಯದೆ ನಿಂತುಬಿಡಬಹುದು. ಫ್ಯೂಸ್ ನೋಡಿ. ಪಂಪ್ ರಿಲೇಯನ್ನು ಅದೇ ಪೆಟ್ಟಿಗೆಯಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇ ಜೊತೆ ಅದಲುಬದಲು ಮಾಡಿ. ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಸ್ವಿಚ್ ಕೆಲವು ಗಾಡಿಗಳಲ್ಲಿದೆ, ದೊಡ್ಡ ಗುಂಡಿಗೆ ಬಿದ್ದರೂ ಅದು ಹಾರುತ್ತದೆ. ಆಮೇಲೆ ಪ್ರೆಷರ್ ಗೇಜ್. ಥ್ರಾಟಲ್ ಬಾಡಿಯಲ್ಲೇ ಇಂಜೆಕ್ಟರ್ ಇರುವ ಹಳೆ ವ್ಯವಸ್ಥೆಗಳಲ್ಲಿ ಸುಮಾರು 10ರಿಂದ 15 ಪಿಎಸ್‌ಐ, ಸಿಲಿಂಡರಿಗೊಂದು ಇಂಜೆಕ್ಟರ್ ಇರುವವುಗಳಲ್ಲಿ ಸುಮಾರು 35ರಿಂದ 45 ಅಥವಾ ಇನ್ನೂ ಮೇಲೆ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಕೊನೆಯ ಮಾತು. ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದು ನೋಡಿ. ಅದರೊಳಗೆ ಪೆಟ್ರೋಲ್ ಒದ್ದೆ ಇದ್ದರೆ ಡಯಾಫ್ರಮ್ ಹರಿದಿದೆ.

## ಆಕ್ಸಿಲರೇಟರ್ ಬಿಟ್ಟರೆ ಮಾತ್ರ ನಿಂತರೆ

ಕಾಲಿಟ್ಟರೆ ಓಡುತ್ತದೆ ಎಂದಾದರೆ ಸ್ಪಾರ್ಕ್ ಇದೆ, ಪೆಟ್ರೋಲೂ ಬರುತ್ತಿದೆ. ಐಡ್ಲಿಂಗ್‌ಗೆ ಬೇಕಾದ ಹದ ಮಾತ್ರ ತಪ್ಪಿದೆ. ಇಲ್ಲಿ ಮೊದಲ ಅನುಮಾನ ವ್ಯಾಕ್ಯೂಮ್ ಲೀಕ್ ಮೇಲೆ. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋದರೆ ಮಿಶ್ರಣ ತೆಳುವಾಗುತ್ತದೆ. ರೇಸ್ ಮಾಡಿದಾಗ ಅದು ಗೊತ್ತೇ ಆಗುವುದಿಲ್ಲ, ಐಡ್ಲಿಂಗ್‌ನಲ್ಲಿ ಇಂಜಿನ್ ತಡೆದುಕೊಳ್ಳುವುದಿಲ್ಲ.

ಸಣ್ಣಗೆ ರೇಸ್ ಕೊಟ್ಟು ಓಡಿಸುತ್ತ ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಇಕ್ಕಳದಲ್ಲಿ ಬಟ್ಟೆ ಸುತ್ತಿ ಮೆಲ್ಲಗೆ ಅದುಮಿ. ಯಾವುದನ್ನು ಅದುಮಿದಾಗ ಇಂಜಿನ್ ಸುಧಾರಿಸಿತೋ ಲೀಕ್ ಅದರಾಚೆ ಇದೆ. ಬ್ರೇಕ್ ಬೂಸ್ಟರಿನ ದಪ್ಪ ಪೈಪಿನಿಂದ ಶುರು ಮಾಡಿ. ಆಮೇಲೆ ಇಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ವಾಲ್ವ್‌ನ ಪೈಪ್. ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ದರೆ ಕಾರ್ಬೊರೇಟರ್ ಬುಡ, ಇನ್‌ಟೇಕ್ ಮ್ಯಾನಿಫೋಲ್ಡ್ ಅಂಚಿಗೆ ಸಣ್ಣಗೆ ನೀರು ಸಿಂಪಡಿಸಿ, ಸದ್ದು ಬದಲಾಗುತ್ತದಾ ಕೇಳಿ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡುವವರೂ ಇದ್ದಾರೆ. ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲಿ ಅದು ಬೆಂಕಿಯ ಜೊತೆ ಆಟ, ನಾನು ಹೇಳುವುದಿಲ್ಲ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇಲ್ಲಿ ಬಳಸಿ. ಸಮುದ್ರಮಟ್ಟದಲ್ಲಿ ಆರೋಗ್ಯವಾದ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಿರಿ. ಮುಳ್ಳು ಅಲುಗದೆ ತುಂಬ ಕೆಳಗೆ ನಿಂತಿದ್ದರೆ ಲೀಕ್ ಅಥವಾ ಹಿಂದೆ ಬಿದ್ದ ಟೈಮಿಂಗ್, ಅಂದರೆ ಕಿಡಿ ತಡವಾಗಿ ಹಾರುತ್ತಿದೆ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತ ಹೋದರೆ ಸೈಲೆನ್ಸರ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದೆ.

ಲೀಕ್ ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಐಡಲ್ ಜೆಟ್ ನೋಡಿ. ಮಿಕ್ಸ್ಚರ್ ಸ್ಕ್ರೂ ಎತ್ತ ತಿರುಗಿಸಿದರೂ ಇಂಜಿನ್‌ಗೆ ಪರಿವೆಯೇ ಇಲ್ಲದಿದ್ದರೆ ಜೆಟ್ ಕಟ್ಟಿದೆ. ತಿರುಗಿಸುವ ಮುಂಚೆ ಎಷ್ಟು ಸುತ್ತಿನಲ್ಲಿತ್ತು ಎಂದು ಎಣಿಸಿಕೊಳ್ಳಿ. ಜೆಟ್ ತೆಗೆದು ಕ್ಲೀನರ್ ಮತ್ತು ಗಾಳಿಯಿಂದ ಊದಿ, ತಂತಿ ತುರುಕಬೇಡಿ, ತೂತು ದೊಡ್ಡದಾಗುತ್ತದೆ. ಕೀ ಆಫ್ ಮಾಡಿದಾಗ ಈ ಪೆಟ್ರೋಲ್ ನಿಲ್ಲಿಸುವ ಐಡಲ್ ಕಟ್‌ಆಫ್ ಸೊಲೆನಾಯ್ಡ್ ಇದ್ದರೆ ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು.

ಇಂಜೆಕ್ಷನ್ ಗಾಡಿಯಲ್ಲಿ ಐಡಲ್ ಕಂಟ್ರೋಲ್ ವಾಲ್ವ್ ಮತ್ತು ಥ್ರಾಟಲ್ ಬಾಡಿಗೆ ಮಸಿ ಕಟ್ಟಿರುತ್ತದೆ, ಬಿಚ್ಚಿ ತೊಳೆಯಿರಿ. ಏರ್ ಫ್ಲೋ ಸೆನ್ಸರ್ ಮೇಲೆ ಅನುಮಾನ ಇದ್ದರೆ ಅದರ ಪ್ಲಗ್ ಕಿತ್ತು ಸ್ಟಾರ್ಟ್ ಮಾಡಿ. ಬಿಸಿ ತಂತಿ ಸೆನ್ಸರ್ ಇರುವ ಅನೇಕ ಗಾಡಿಗಳಲ್ಲಿ ಆಗ ಕಂಪ್ಯೂಟರ್ ಅಂದಾಜಿನ ಲೆಕ್ಕದಲ್ಲಿ ನಡೆಸುತ್ತದೆ. ಕಿತ್ತ ಮೇಲೆ ಚೆನ್ನಾಗಿ ಓಡಿದರೆ ಸೆನ್ಸರ್ ಸುಳ್ಳು ಹೇಳುತ್ತಿತ್ತು. ತಣ್ಣಗಿರುವಾಗ ಮಾತ್ರ ನಿಂತರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಅಳೆಯಿರಿ. ಸಾಮಾನ್ಯ ಬಾಷ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ.

ಎಗ್ಸಾಸ್ಟ್ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಆಟ. ಐಡ್ಲಿಂಗ್‌ನಲ್ಲಿ ಅದು ಮುಚ್ಚಿರಬೇಕು.

## ಬಿಸಿಯಾದ ಮೇಲೆ ನಿಂತರೆ

ಇದು ತಾಳ್ಮೆ ಪರೀಕ್ಷಿಸುವ ದೋಷ. ತಣ್ಣಗಾದರೆ ಎಲ್ಲ ಸರಿ ಇರುತ್ತದೆ, ಮೆಕ್ಯಾನಿಕ್ ಎದುರಿಗೆ ಗಾಡಿ ಒಳ್ಳೆಯ ಮಗುವಾಗಿಬಿಡುತ್ತದೆ. ಹಾಗಾಗಿ ನಿಂತ ಐದು ನಿಮಿಷದೊಳಗೇ ಪರೀಕ್ಷೆ ಆಗಬೇಕು. ಸ್ಪಾರ್ಕ್ ಟೆಸ್ಟರ್ ಸಿದ್ಧವಾಗಿರಲಿ. ಒಂದು ಪ್ಲಗ್ ವೈರ್‌ಗೆ ಸಿಕ್ಕಿಸಿ, ಅರ್ತ್ ಕೊಟ್ಟು, ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ.

ಸ್ಪಾರ್ಕ್ ಇಲ್ಲದಿದ್ದರೆ ಬಿಸಿ ಇರುವಾಗಲೇ ಕಾಯಿಲ್ ಅಳೆಯಿರಿ. ಪ್ರೈಮರಿ ಸುತ್ತು ಬ್ಯಾಲಸ್ಟ್ ಇರುವ ಪಾಯಿಂಟ್ ಗಾಡಿಯಲ್ಲಿ ಸುಮಾರು 1.5 ಓಮ್, ಇಲ್ಲದ್ದರಲ್ಲಿ ಸುಮಾರು 3 ಓಮ್. ಪಾಯಿಂಟ್ ಗ್ಯಾಪ್ ಬಹುತೇಕ ಕಾರುಗಳಲ್ಲಿ 0.4ರಿಂದ 0.5 ಮಿಲಿಮೀಟರ್. ಪಾಯಿಂಟ್ ಮುಖ ಸುಟ್ಟು ಗುಂಡಿ ಬಿದ್ದಿದ್ದರೆ ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರನ್ನೂ ಜೊತೆಗೇ ಬದಲಿಸಿ. ಇಂಜೆಕ್ಷನ್ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ಮತ್ತು ಇಗ್ನಿಷನ್ ಮಾಡ್ಯೂಲ್ ಬಿಸಿಗೆ ಕೈಕೊಡುವುದರಲ್ಲಿ ಹೆಸರುವಾಸಿ. ತಣ್ಣಗಿನ ಇಂಜಿನ್ ಓಡುತ್ತಿರುವಾಗ ಮಾಡ್ಯೂಲ್‌ಗೆ ಹೇರ್ ಡ್ರೈಯರ್ ಹಿಡಿಯಿರಿ. ನಿಂತುಬಿಟ್ಟರೆ ಉತ್ತರ ಸಿಕ್ಕಿತು.

ಸ್ಪಾರ್ಕ್ ಇದ್ದು ಪೆಟ್ರೋಲ್ ಇಲ್ಲದಿದ್ದರೆ ವೇಪರ್ ಲಾಕ್ ಇರಬಹುದು, ಅಂದರೆ ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿ ದಾರಿ ಕಟ್ಟಿದೆ. ಪೈಪ್ ಎಗ್ಸಾಸ್ಟ್‌ಗೆ ತಾಗುವಷ್ಟು ಹತ್ತಿರ ಹೋಗಿದೆಯಾ, ಮೊದಲಿದ್ದ ತಗಡಿನ ಶಾಖತಡೆ ಕಾಣೆಯಾಗಿದೆಯಾ ನೋಡಿ. ಪೈಪಿಗೆ ಒದ್ದೆ ಬಟ್ಟೆ ಸುತ್ತಿದ ಮೇಲೆ ಸ್ಟಾರ್ಟ್ ಆದರೆ ಅದೇ.

## ಡೀಸೆಲ್ ಮತ್ತು ಬೈಕ್

ಹಳೆ ಡೀಸೆಲ್ ಗಾಡಿ ಸ್ಟಾರ್ಟ್ ಆಗಿ ನಿಂತರೆ ಮೊದಲು ಫಿಲ್ಟರ್, ಆಮೇಲೆ ಲೈನ್‌ನಲ್ಲಿ ಗಾಳಿ. ಪಂಪಿಗೆ ಹೋಗುವ ಕಡೆ ತಾತ್ಕಾಲಿಕವಾಗಿ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ನ ವೈರ್ ಸಡಿಲವಾಗಿದ್ದರೂ ಇಂಜಿನ್ ಟಪ್ ಅಂತ ನಿಲ್ಲುತ್ತದೆ.

ಬೈಕ್‌ನಲ್ಲಿ ಪೆಟ್ರೋಲ್ ಕಾಕ್ ತೆರೆದಿದೆಯಾ, ಪೈಲಟ್ ಜೆಟ್ (ಬೈಕಿನ ಐಡಲ್ ಜೆಟ್) ಕಟ್ಟಿದೆಯಾ ನೋಡಿ. ಗೇರ್ ಹಾಕಿದ ಕೂಡಲೇ ನಿಂತರೆ ಸೈಡ್ ಸ್ಟ್ಯಾಂಡ್ ಸ್ವಿಚ್.

## ಒಮ್ಮೊಮ್ಮೆ ಮಾತ್ರ ಬರುವ ದೋಷ

ಇಂಜಿನ್ ಓಡಿಸಿ, ಬಿಸಿ ಭಾಗ ಮತ್ತು ಬೆಲ್ಟ್‌ನಿಂದ ಕೈ ದೂರ ಇಟ್ಟು, ಕಡಿಮೆ ವೋಲ್ಟೇಜಿನ ವೈರ್ ಗೊಂಚಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ. ಕೀ ಗೊಂಚಲನ್ನೂ ಅಲ್ಲಾಡಿಸಿ, ಸವೆದ ಇಗ್ನಿಷನ್ ಸ್ವಿಚ್ ಅದಕ್ಕೇ ಕರೆಂಟ್ ತಪ್ಪಿಸುತ್ತದೆ. ಇನ್ನೊಂದು ಉಪಾಯ: ಎರಡು ಟೆಸ್ಟ್ ಲ್ಯಾಂಪ್‌ಗಳಿಗೆ ಉದ್ದ ವೈರ್ ಹಾಕಿ, ಒಂದನ್ನು ಪಂಪಿನ ಕರೆಂಟ್‌ಗೆ, ಇನ್ನೊಂದನ್ನು ಕಾಯಿಲ್ ಪ್ಲಸ್‌ಗೆ ಕೊಟ್ಟು ಕಾಣುವ ಕಡೆ ಅಂಟಿಸಿಡಿ. ಇಂಜಿನ್ ನಿಂತ ಕ್ಷಣ ಯಾವುದು ಆರಿದೆ ನೋಡಿದರೆ ಸಾಕು. ಎರಡೂ ಆರಿದರೆ ಇಗ್ನಿಷನ್ ಸ್ವಿಚ್ ಅಥವಾ ಮುಖ್ಯ ರಿಲೇ. ಎರಡೂ ಉರಿಯುತ್ತಲೇ ಇದ್ದರೆ ಈ ಎರಡು ದಾರಿಗಳ ಚಿಂತೆ ಬಿಟ್ಟು ಸೆನ್ಸರ್, ಫಿಲ್ಟರ್, ಗಾಳಿಯ ಕಡೆ ಹೊರಳಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರಿಪೇರಿ ಆದ ಮೇಲೆ ಗಾಡಿ ಮೊದಲು ಯಾವ ಸ್ಥಿತಿಯಲ್ಲಿ ನಿಲ್ಲುತ್ತಿತ್ತೋ ಅದೇ ಸ್ಥಿತಿ ಮತ್ತೆ ಬರಿಸಿ. ತಣ್ಣಗಿದ್ದಾಗ ನಿಲ್ಲುತ್ತಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ನಿಲ್ಲುತ್ತಿದ್ದರೆ ಪೂರ್ತಿ ಬಿಸಿ ಮಾಡಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಮೆಕ್ಯಾನಿಕ್ ಹತ್ತಿರ ಹೋಗಲೇಬೇಕಾದರೆ ನೀವು ಬರೆದಿಟ್ಟ ಹೊತ್ತು, ನಿಂತ ರೀತಿ, ಅಳೆದ ವೋಲ್ಟ್, ಓಮ್, ಪ್ರೆಷರ್ ಅಂಕಿಗಳ ಚೀಟಿಯನ್ನು ಗಾಡಿಯ ಜೊತೆಗೇ ಕೊಡಿ.